ಮಂಡಗದ್ದೆ, ಗುಡವಿ, ಲಕ್ಕವಳ್ಳಿ: ಯಾವ ತಿಂಗಳಿಗೆ ಯಾವ ಜಾಗ?

ಶಿವಮೊಗ್ಗದ ಕಡೆ ಹಕ್ಕಿ ನೋಡೋಕೆ ಬರ್ತೀವಿ ಅಂತ ಫೋನ್ ಮಾಡುವವರು ಸಾಮಾನ್ಯವಾಗಿ ಮೊದಲು ಕೇಳುವುದು, "ಯಾವ ಜಾಗ ಚೆನ್ನಾಗಿದೆ?" ನಾನು ತಿರುಗಿ ಕೇಳುವುದು, "ಯಾವ ತಿಂಗಳು ಬರ್ತೀರಿ?" ಅದು ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ. ಇಲ್ಲಿನ ನೀರಹಕ್ಕಿಗಳು ವರ್ಷಪೂರ್ತಿ ಒಂದೇ ಕಡೆ ಕೂತು ನಮ್ಮನ್ನು ಕಾಯುವುದಿಲ್ಲ. ಮಂಡಗದ್ದೆಗೆ ಏಪ್ರಿಲ್‌ನಲ್ಲಿ ಹೋದರೆ ಹೊಳೆ, ಬಂಡೆ, ಖಾಲಿ ಮರ ಅಷ್ಟೇ. ಲಕ್ಕವಳ್ಳಿಗೆ ಆಗಸ್ಟ್‌ನಲ್ಲಿ ಹೋಗಿ ರೀವ (ರಿವರ್ ಟರ್ನ್) ಹಕ್ಕಿಯ ಗೂಡು ಹುಡುಕಿದರೆ, ಅವು ಗೂಡು ಮಾಡುವ ದಿಬ್ಬಗಳೇ ನೀರಿನಡಿ ಇರುತ್ತವೆ. ಆಮೇಲೆ "ಏನೂ ಇಲ್ಲ ಮಾರಾಯ್ರೆ, ಸುಮ್ನೆ ಪೆಟ್ರೋಲ್ ಖರ್ಚು" ಅನ್ನುವ ಮಾತು.

ಹಾಗಾಗಿ ಈ ಹೋಲಿಕೆಯನ್ನು ಯಾವುದು ದೊಡ್ಡದು, ಯಾವುದರಲ್ಲಿ ಎಷ್ಟು ಜಾತಿಯ ಹಕ್ಕಿ ಅನ್ನುವ ಲೆಕ್ಕದಲ್ಲಿ ಮಾಡಿಲ್ಲ. ನೀವು ಬರುವ ತಿಂಗಳು, ನಿಮ್ಮ ಕೈಲಿರುವ ಹೊತ್ತು, ಜೊತೆಗೆ ಬರುವ ಜನ, ಈ ಮೂರನ್ನು ಇಟ್ಟುಕೊಂಡು ಮಾಡಿದ್ದು.

ಮಂಡಗದ್ದೆ: ಅರ್ಧ ದಿನ ಸಾಕು

ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ ಸುಮಾರು 30 ಕಿಲೋಮೀಟರ್. ರಸ್ತೆ ಪಕ್ಕದಲ್ಲೇ ತುಂಗೆ, ತುಂಗೆಯ ನಡುವೆ ಒಂದು ಪುಟ್ಟ ನಡುಗಡ್ಡೆ. ಪುಟ್ಟದು ಅಂದರೆ ನಿಜಕ್ಕೂ ಪುಟ್ಟದು, ಒಂದು ಎಕರೆ ಚಿಲ್ಲರೆ. ಆ ಒಂದು ಎಕರೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡಿನ ಪಕ್ಕ ಗೂಡು ಕಟ್ಟುತ್ತವೆ. ಹಸಿರು ಮರ ದೂರದಿಂದ ಬೆಳ್ಳಗೆ ಕಾಣುತ್ತದೆ. ಅರ್ಧ ಹಕ್ಕಿಯಿಂದ, ಅರ್ಧ ಹಿಕ್ಕೆಯಿಂದ!

ಇಲ್ಲಿಗೆ ಜುಲೈನಿಂದ ಅಕ್ಟೋಬರ್ ಒಳಗೆ ಬರಬೇಕು. ಪುನರ್ವಸು, ಪುಷ್ಯ ಮಳೆ ಜಡಿಯುವಾಗ ಕಡ್ಡಿ ಹೊರುವುದು, ಜಾಗಕ್ಕಾಗಿ ಜಗಳ, ಪಕ್ಕದ ಗೂಡಿನಿಂದ ಕಡ್ಡಿ ಕದಿಯುವುದು ಎಲ್ಲ ನಡೆಯುತ್ತದೆ. ಆದರೆ ಆ ಮಳೆಯಲ್ಲಿ ನೀವು ಅದನ್ನು ನೋಡುವುದು ಕಷ್ಟ. ಮಘೆ, ಹುಬ್ಬೆಯ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ಗೆ, ಮಳೆ ಸ್ವಲ್ಪ ಬಿಡುವು ಕೊಡುತ್ತದೆ, ಗೂಡಿನಲ್ಲಿ ಮರಿಗಳಿರುತ್ತವೆ. ನನ್ನನ್ನು ಕೇಳಿದರೆ ಮಂಡಗದ್ದೆಗೆ ಅದೇ ಸರಿಯಾದ ಕಾಲ.

ಇನ್ನು ದಿನದ ಹೊತ್ತು. ಮಧ್ಯಾಹ್ನ ಹನ್ನೆರಡಕ್ಕೆ ಕಾರು ನಿಲ್ಲಿಸಿ, ಫೋಟೋ ತೆಗೆದು, ಹತ್ತು ನಿಮಿಷಕ್ಕೆ ಹೊರಡುವವರು ಬಹಳ. ಅವರಿಗೆ ಕಾಣುವುದು ಕೂತಿರುವ ಹಕ್ಕಿ ಮಾತ್ರ. ಸಂಜೆ ಐದರ ಮೇಲೆ ಬಂದು ನೋಡಿ. ಗದ್ದೆ, ಹಳ್ಳಗಳಲ್ಲಿ ಹೊಟ್ಟೆ ತುಂಬಿಸಿಕೊಂಡ ಬೆಳ್ಳಕ್ಕಿಗಳು ಸಾಲುಸಾಲಾಗಿ ಹೊಳೆಯ ಮೇಲೆ ತಗ್ಗಿನಲ್ಲಿ ಹಾರಿ ಬರುತ್ತವೆ. ಇಳಿದ ಕೂಡಲೇ ಮರಿಗಳು ಅಪ್ಪ ಅಮ್ಮನ ಕೊಕ್ಕಿಗೆ ಜೋತುಬಿದ್ದು ಎಳೆಯುತ್ತವೆ, ಆಗ ಅವು ಮೀನು ಕಕ್ಕುತ್ತವೆ. ಸದ್ದು ಹೊಳೆಯ ಈ ದಡಕ್ಕೂ ಕೇಳಿಸುತ್ತದೆ.

ಬೆಳ್ಳಕ್ಕಿ ಅಂದರೆ ಎಲ್ಲ ಒಂದೇ ಅಂದುಕೊಂಡವರಿಗೆ ಮಂಡಗದ್ದೆ ಒಳ್ಳೆಯ ಶಾಲೆ. ಎಲ್ಲವೂ ಬಿಳಿ. ಹಾಗಾಗಿ ಬಣ್ಣ ಬಿಟ್ಟು ಕೊಕ್ಕು, ಕಾಲು ನೋಡಬೇಕು. ಸಣ್ಣ ಬೆಳ್ಳಕ್ಕಿಗೆ ಕಪ್ಪು ಕೊಕ್ಕು, ಕಪ್ಪು ಕಾಲು, ಪಾದ ಮಾತ್ರ ಹಳದಿ, ಕರಿ ಪ್ಯಾಂಟಿಗೆ ಹಳದಿ ಸಾಕ್ಸ್ ಹಾಕಿದಂತೆ. ಮಧ್ಯಮ ಗಾತ್ರದ್ದಕ್ಕೆ ಪಾದವೂ ಕಪ್ಪು. ಇದರ ಕೊಕ್ಕು ಉಳಿದ ದಿನಗಳಲ್ಲಿ ಹಳದಿ, ಮರಿ ಮಾಡುವ ಕಾಲಕ್ಕೆ ಕಪ್ಪಾಗುತ್ತದೆ. ಹಾಗಾಗಿ ಪುಸ್ತಕದಲ್ಲಿ ಹಳದಿ ಕೊಕ್ಕಿನ ಚಿತ್ರ ನೋಡಿ ಬಂದವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ದೊಡ್ಡ ಬೆಳ್ಳಕ್ಕಿಯದು ಬಾಯಿಯ ಗೆರೆ ಕಣ್ಣು ದಾಟಿ ಹಿಂದಕ್ಕೆ ಹೋಗಿರುತ್ತದೆ. ದನದ ಹಿಂದೆ ಓಡಾಡುವ ಗೋವಕ್ಕಿಗೆ ಈ ಕಾಲದಲ್ಲಿ ತಲೆ, ಕತ್ತು ಅರಿಶಿನ ಬಳಿದಷ್ಟು ಕೇಸರಿ. ಇಷ್ಟು ಗೊತ್ತಿದ್ದರೆ ಅಲ್ಲಿನ ವೀಕ್ಷಣಾ ಗೋಪುರದ ಮೇಲೆ ನಿಂತ ಒಂದು ಗಂಟೆ ಹೇಗೆ ಹೋಯಿತು ಅಂತ ತಿಳಿಯುವುದಿಲ್ಲ.

ಮಂಡಗದ್ದೆಯ ದೊಡ್ಡ ಅನುಕೂಲ ಅಂದರೆ ವಾಹನ ಇಲ್ಲದಿದ್ದರೂ ಆಗುತ್ತದೆ. ಶಿವಮೊಗ್ಗ–ತೀರ್ಥಹಳ್ಳಿ ಬಸ್ಸುಗಳು ಈ ದಾರಿಯಲ್ಲೇ ಓಡುತ್ತವೆ, ರಸ್ತೆ ಬದಿಯಲ್ಲೇ ಇಳಿಯಬಹುದು. ನಡಿಗೆ ಕಡಿಮೆ. ಮೊಣಕಾಲು ನೋವಿನ ಅತ್ತೆಯನ್ನೂ, ಐದು ನಿಮಿಷ ಸುಮ್ಮನಿರದ ಮಕ್ಕಳನ್ನೂ ಕರೆದುಕೊಂಡು ಬರಬಹುದು. ಕೊರತೆ ಅಂದರೆ ಹಕ್ಕಿಯ ವೈವಿಧ್ಯ ಕಡಿಮೆ, ಮತ್ತೆ ರಸ್ತೆಯ ಲಾರಿ ಸದ್ದು. ಹಕ್ಕಿಗಳಿಗೆ ಆ ಸದ್ದು ರೂಢಿಯಾಗಿದೆ, ನಮಗೇ ಕಿರಿಕಿರಿ.

ಗುಡವಿ: ದಿನ ಪೂರ್ತಿ ಕೊಡಬೇಕು

ಸೊರಬ ಪೇಟೆಯಿಂದ ಬನವಾಸಿ ರಸ್ತೆಯಲ್ಲಿ 16 ಕಿಲೋಮೀಟರ್. ಶಿವಮೊಗ್ಗದಿಂದ ಸುಮಾರು ನೂರು. ಇಲ್ಲಿರುವುದು ಹೊಳೆಯಲ್ಲ, ಮಳೆ ನೀರಿನಿಂದ ತುಂಬುವ ಕೆರೆ. ಕೆರೆ, ಸುತ್ತಲಿನ ಮರ ಎಲ್ಲ ಸೇರಿ ಮುಕ್ಕಾಲು ಚದರ ಕಿಲೋಮೀಟರ್ ಕೂಡ ಇಲ್ಲ. ಆದರೂ ಇಲ್ಲಿ ದಾಖಲಾಗಿರುವ ಹಕ್ಕಿ ಜಾತಿಗಳು 200 ದಾಟುತ್ತವೆ. ನೀರಹಕ್ಕಿ ಮಾತ್ರವಲ್ಲ, ಸುತ್ತಲಿನ ಕಾಡಿನವೂ ಈ ಲೆಕ್ಕದಲ್ಲಿ ಸೇರಿವೆ ಅನ್ನುವುದು ನೆನಪಿರಲಿ. ಒಂದು ದಿನದಲ್ಲಿ ಇನ್ನೂರು ಕಾಣುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಗುಡವಿಯ ಗುಟ್ಟು ನೀರಲ್ಲಿ ನಿಂತ ಮರಗಳು. ಮಳೆಗೆ ಕೆರೆ ತುಂಬಿದಾಗ ಮರಗಳ ಬುಡ ಮುಳುಗುತ್ತದೆ. ಬೆಕ್ಕು, ಮುಂಗುಸಿ ಅಂಥವು ಗೂಡಿಗೆ ಹತ್ತುವುದು ಕಷ್ಟ. ಸುತ್ತಲೂ ಭತ್ತದ ಗದ್ದೆ. ನಾಟಿ ಮಾಡಿದ ಗದ್ದೆಯಲ್ಲಿ ಕಪ್ಪೆ, ಏಡಿ, ಸಣ್ಣ ಮೀನು. ಮನೆಯೂ ಭದ್ರ, ಊಟವೂ ಹತ್ತಿರ. ಇದೇ ಕಾರಣಕ್ಕೆ ಮಳೆ ಕೈಕೊಟ್ಟ ವರ್ಷ ಗುಡವಿ ಸಪ್ಪೆ. ಕೆರೆ ತುಂಬದಿದ್ದರೆ ಹಕ್ಕಿ ಬರುವುದು ತಡ, ಬಂದರೂ ಕಡಿಮೆ. ಮಂಡಗದ್ದೆಗೆ ತುಂಗೆಯ ಆಸರೆ ಇದೆ, ಗುಡವಿಗೆ ಆಕಾಶ ಬಿಟ್ಟರೆ ಬೇರೆ ಗತಿಯಿಲ್ಲ. ಆದ್ದರಿಂದ ದೂರದಿಂದ ಬರುವವರು ಹೊರಡುವ ಮುಂಚೆ ಸೊರಬದ ಕಡೆ ಯಾರನ್ನಾದರೂ ವಿಚಾರಿಸಿ, "ಕೆರೆ ತುಂಬಿದೆಯಾ?" ಅಂತ. ಇ-ಬರ್ಡ್ (ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಜಾಲತಾಣ) ಬಳಸುವವರು ಈ ವರ್ಷ ಅಲ್ಲಿ ಏನೇನು ಕಂಡಿದೆ ಅನ್ನುವ ಪಟ್ಟಿಯನ್ನೂ ನೋಡಬಹುದು. ಹಳೆಯ ಪ್ರವಾಸ ಪುಸ್ತಕಕ್ಕಿಂತ ಅದು ವಾಸಿ.

ಜೂನ್‌ನಿಂದ ಡಿಸೆಂಬರ್‌ವರೆಗೆ ಗುಡವಿಯ ಕಾಲ. ಬಿಳಿ ಕೆಂಬರಲು, ಚಮಚದ ಕೊಕ್ಕು, ಇರುಳು ಬಕ, ಹಾವಕ್ಕಿ, ನೀರುಕಾಗೆ, ಗುಳುಮುಳುಕ, ನಾಮದ ಕೋಳಿ ಇವೆಲ್ಲ ಇಲ್ಲಿ ಸಿಗುವವು. ನನ್ನ ಆಯ್ಕೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್. ಹಸ್ತದ ಮಳೆ ಒಂದೊಂದು ಸಂಜೆ ಗುಡುಗಿಕೊಂಡು ಬರುತ್ತದೆ, ಆದರೆ ಬೆಳಗ್ಗೆ ಆಕಾಶ ತೊಳೆದಷ್ಟು ಚೊಕ್ಕ. ಮರಿಗಳು ದೊಡ್ಡದಾಗಿ ಗೂಡು ಬಿಟ್ಟು ಕೊಂಬೆಗೆ ಬಂದಿರುತ್ತವೆ, ರೆಕ್ಕೆ ಬಡಿದು ಬಡಿದು ಅಭ್ಯಾಸ ಮಾಡುತ್ತಿರುತ್ತವೆ.

ಒಂದು ಹಾವಕ್ಕಿಯನ್ನು ಹಿಡಿದು ಕೂರಿ ಅಂತ ನಾನು ಎಲ್ಲರಿಗೂ ಹೇಳುವುದು. ಈಜುವಾಗ ಮೈಯೆಲ್ಲ ನೀರಿನಡಿ, ಉದ್ದ ಕತ್ತು ಮಾತ್ರ ಮೇಲೆ. ಮುಳುಗಿ ಬಹಳ ದೂರದಲ್ಲಿ ಏಳುತ್ತದೆ. ಮೀನು ಸಿಕ್ಕಿದ್ದರೆ ಚೂಪು ಕೊಕ್ಕು ಅದರ ಮೈಗೆ ಚುಚ್ಚಿಕೊಂಡಿರುತ್ತದೆ. ಆಮೇಲೆ ತಲೆ ಕೊಡವಿ ಮೀನನ್ನು ಗಾಳಿಗೆ ಎಸೆಯುತ್ತದೆ, ತಲೆ ಮುಂದಾಗಿ ಹಿಡಿದು ನುಂಗುತ್ತದೆ. ಬಾಲ ಮುಂದಾದರೆ ಮೀನಿನ ಮುಳ್ಳು ಗಂಟಲಿಗೆ ಸಿಗುತ್ತದಲ್ವಾ? ಪಕ್ಕದಲ್ಲೇ ನೀರುಕಾಗೆ ಇದ್ದರೆ ಎರಡರ ಕೊಕ್ಕು ಹೋಲಿಸಿ. ಅದರ ಕೊಕ್ಕಿನ ತುದಿ ಬಾಗಿದ ಕೊಂಡಿ, ಚುಚ್ಚುವುದಿಲ್ಲ, ಕಚ್ಚಿ ಹಿಡಿಯುತ್ತದೆ. ಎರಡೂ ಒದ್ದೆಯಾದ ರೆಕ್ಕೆ ಬಿಡಿಸಿ ಬಿಸಿಲು ಕಾಯಿಸುತ್ತವೆ. ಬಾತುಕೋಳಿಯ ರೆಕ್ಕೆ ನೀರನ್ನು ತಡೆಯುತ್ತದೆ, ಇವುಗಳದ್ದು ತಡೆಯುವುದಿಲ್ಲ. ನೆನೆಯುವುದರಿಂದಲೇ ಮುಳುಗುವುದು ಸಲೀಸು.

ಚಮಚದ ಕೊಕ್ಕು ಮೇಯುವುದನ್ನು ನೋಡಬೇಕಾದರೆ ಕೆರೆಯ ಅಂಚಿನ ತೆಳು ನೀರಿಗೆ ಕಣ್ಣಿಡಿ. ಬಾಯಿ ಅರೆ ತೆರೆದು, ಕೊಕ್ಕನ್ನು ನೀರಲ್ಲಿ ಎಡಕ್ಕೆ ಬಲಕ್ಕೆ ಬೀಸುತ್ತ ನಡೆಯುತ್ತದೆ. ಏನಾದರೂ ತಾಗಿದ ಕೂಡಲೇ ಟಕ್ ಅಂತ ಮುಚ್ಚುತ್ತದೆ. ಇರುಳು ಬಕದ್ದು ತಿರುಗುಮುರುಗು ದಿನಚರಿ. ಹಗಲೆಲ್ಲ ಎಲೆ ಮರೆಯಲ್ಲಿ ಮುದುರಿ ಕೂತಿರುತ್ತದೆ, ಉಳಿದವು ಮನೆಗೆ ಬರುವ ಹೊತ್ತಿಗೆ "ಕ್ವಾಕ್" ಅನ್ನುತ್ತ ಕೆಲಸಕ್ಕೆ ಹೊರಡುತ್ತದೆ.

ಗುಡವಿಯಲ್ಲಿ ಕಾವಲು ಗೋಪುರದಿಂದ ನೋಡುವುದೇ ಮುಖ್ಯ. ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಹಕ್ಕಿಯ ಮೂಗಿನ ತನಕ ಹೋಗಿ ರೂಢಿಯಾದವರಿಗೆ ಮೊದಲು "ಇಷ್ಟು ದೂರವಾ?" ಅನ್ನಿಸಬಹುದು. ಬೈನಾಕ್ಯುಲರ್ ಇಲ್ಲದೆ ಇಲ್ಲಿಗೆ ಬಂದರೆ ಅರ್ಧ ನಷ್ಟ. ಬೆಳಗ್ಗೆ ಬೇಗ ಕೆರೆ ಹತ್ತಿರ ಇರಬೇಕಾದರೆ ಹಿಂದಿನ ರಾತ್ರಿ ಸೊರಬ, ಸಾಗರ ಅಥವಾ ಶಿರಸಿಯಲ್ಲಿ ಉಳಿಯುವುದು ಒಳ್ಳೆಯದು. ಮಧ್ಯಾಹ್ನ ಹಕ್ಕಿಗಳೂ ತೂಕಡಿಸುವ ಹೊತ್ತಿಗೆ ಬನವಾಸಿಗೆ ಹೋಗಿ ಮಧುಕೇಶ್ವರ ದೇವಸ್ಥಾನ ನೋಡಿ, ಸಂಜೆ ಮತ್ತೆ ಕೆರೆಗೆ ಬನ್ನಿ. ಹಕ್ಕಿಯಲ್ಲಿ ಆಸಕ್ತಿಯಿಲ್ಲದ ಮನೆಯವರನ್ನು ಒಪ್ಪಿಸಲು ಕದಂಬರ ರಾಜಧಾನಿ ಒಳ್ಳೆಯ ನೆಪ!

ಲಕ್ಕವಳ್ಳಿ: ಬೇಸಿಗೆಯವರಿಗೆ

ಮಕ್ಕಳ ರಜೆ ಇರುವುದೇ ಏಪ್ರಿಲ್, ಮೇ. ಆಗ ಮಂಡಗದ್ದೆಯೂ ಖಾಲಿ, ಗುಡವಿಯೂ ಖಾಲಿ. ಆ ಕಾಲಕ್ಕೆ ಇರುವ ಉತ್ತರ ಭದ್ರಾ ಹಿನ್ನೀರು. ಲಕ್ಕವಳ್ಳಿ ಇರುವುದು ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನಲ್ಲಿ, ಆದರೆ ಶಿವಮೊಗ್ಗದಿಂದ ಭದ್ರಾವತಿ ಮೇಲೆ ಸುಮಾರು 40 ಕಿಲೋಮೀಟರ್ ಅಷ್ಟೇ. 1998ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿರುವ ಭದ್ರಾ ಕಾಡಿನ ಒಂದು ಬಾಗಿಲು ಇದು.

ಬೇಸಿಗೆಯಲ್ಲಿ ಅಣೆಕಟ್ಟೆಯ ನೀರು ಇಳಿಯುತ್ತದೆ. ಮುಳುಗಿದ್ದ ಗುಡ್ಡದ ತಲೆಗಳು ಬೋಳು ದಿಬ್ಬಗಳಾಗಿ ಮೇಲೇಳುತ್ತವೆ. ಅಲ್ಲಿಗೆ ರೀವ ಹಕ್ಕಿಗಳು ಗುಂಪುಗುಂಪಾಗಿ ಬಂದು ಮರಿ ಮಾಡುತ್ತವೆ. ಹಳದಿ ಕೊಕ್ಕು, ಕೆಂಪು ಕಾಲು, ತಲೆಗೆ ಕರಿ ಟೋಪಿ, ಕವಲು ಬಾಲ. ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿದು, ಕೆಳಗೆ ಮೀನು ನೋಡಿ, ಕಲ್ಲು ಬಿದ್ದ ಹಾಗೆ ನೀರಿಗೆ ಬೀಳುತ್ತದೆ. ಗಂಡು ಮೀನು ತಂದು ಹೆಣ್ಣಿಗೆ ಕೊಡುವುದನ್ನು ನೋಡಬೇಕಾದರೆ ಫೆಬ್ರವರಿ, ಮಾರ್ಚ್‌ನಲ್ಲೇ ಬನ್ನಿ. ಮರಿ ನೋಡಬೇಕಾದರೆ ಏಪ್ರಿಲ್, ಮೇ.

ಇವು ಗೂಡು ಕಟ್ಟುವುದಿಲ್ಲ. ಬರಿ ನೆಲದಲ್ಲಿ ಒಂದು ಸಣ್ಣ ಗುಳಿ, ಅದರಲ್ಲಿ ಎರಡೋ ಮೂರೋ ಚುಕ್ಕೆ ಮೊಟ್ಟೆ. ಕಲ್ಲಿನ ಬಣ್ಣ, ಮೊಟ್ಟೆಯ ಬಣ್ಣ ಹೆಚ್ಚುಕಡಿಮೆ ಒಂದೇ. ಹಾಗಾಗಿ ದಿಬ್ಬದ ಮೇಲೆ ಇಳಿಯುವುದು ಬೇಡವೇ ಬೇಡ. ತುಳಿದರೂ ಗೊತ್ತಾಗುವುದಿಲ್ಲ. ಅಲ್ಲದೆ ಹಕ್ಕಿ ಎದ್ದು ಹೋದರೆ ಏಪ್ರಿಲ್ ಬಿಸಿಲಿಗೆ ಮೊಟ್ಟೆ ಕಾದು ಕೆಡುತ್ತದೆ. ದೋಣಿಯವರಿಗೆ "ಇನ್ನೂ ಸ್ವಲ್ಪ ಹತ್ತಿರ ಹೋಗಿ ಅಣ್ಣಾ" ಅಂತ ದುಂಬಾಲು ಬೀಳಬೇಡಿ. ನಿಮ್ಮ ಆಸೆಗೆ ಅವರು ಇಲ್ಲ ಅನ್ನಲಾರದೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಮೂರರಲ್ಲಿ ಖರ್ಚು ಜಾಸ್ತಿ ಇದಕ್ಕೇ. ಹಿನ್ನೀರಿಗೆ ಸುಮ್ನೆ ನಡೆದುಕೊಂಡು ಹೋಗುವ ಹಾಗಿಲ್ಲ. ಸಫಾರಿಯ ದೋಣಿ, ಜೀಪು, ಅವುಗಳ ಸಮಯ, ಶುಲ್ಕ ಎಲ್ಲ ಮೊದಲೇ ಕೇಳಿಕೊಂಡು ಕಾಯ್ದಿರಿಸಬೇಕು. ಜಂಗಲ್ ಲಾಡ್ಜಸ್‌ನವರ ರಿವರ್ ಟರ್ನ್ ಲಾಡ್ಜ್ ಇಲ್ಲೇ ಇದೆ, ಹೆಸರು ಇಟ್ಟಿರುವುದೇ ಈ ಹಕ್ಕಿಯದು. ಆದರೆ ಕೊಟ್ಟ ದುಡ್ಡಿಗೆ ನೀರಿನಂಚಿಗೆ ಬರುವ ಆನೆ, ಕಡವೆ ಕಾಣುವ ಅವಕಾಶವೂ ಸೇರಿದೆ. ಹಕ್ಕಿ ಒಂದನ್ನೇ ಲೆಕ್ಕ ಹಾಕಿದರೆ ದುಬಾರಿ, ಒಟ್ಟು ಕಾಡಿನ ಲೆಕ್ಕದಲ್ಲಿ ಅಲ್ಲ.

ಚಳಿಗಾಲಕ್ಕೆ ಬಂದರೆ?

ಡಿಸೆಂಬರ್ ಕೊನೆಯಿಂದ ಫೆಬ್ರವರಿ ತನಕ ಮೇಲಿನ ಮೂರರಲ್ಲಿ ಯಾವುದಕ್ಕೂ ಪೂರ್ತಿ ಕಾಲವಲ್ಲ. ಆಗ ಹೆಸರಿರುವ ಪಕ್ಷಿಧಾಮ ಬಿಟ್ಟು ಹೆಸರಿಲ್ಲದ ಕೆರೆಗಳನ್ನು ಹಿಡಿಯಿರಿ. ಶಿಕಾರಿಪುರ, ಸೊರಬ ಕಡೆ ಕೆರೆಗಳಿಗೆ ಬರವಿಲ್ಲ. ಶಿಕಾರಿಪುರದ ಹತ್ತಿರ ಅಂಜನಾಪುರ ಜಲಾಶಯವೂ ಇದೆ. ಏರಿಯ ಮೇಲೆ ಬೆಳಗ್ಗೆ ನಿಧಾನ ನಡೆದರೆ ಸಿಳ್ಳೆ ಬಾತು, ನಾಮದ ಕೋಳಿ, ತಾವರೆ ಎಲೆ ಮೇಲೆ ಓಡಾಡುವ ದೇವನಕ್ಕಿ, ಉತ್ತರದಿಂದ ಬಂದ ವಲಸೆ ಬಾತುಗಳು, ಕೊಯ್ಲಾದ ಗದ್ದೆಯಲ್ಲಿ ಕುಂಡೆಕುಸ್ಕ, ಉಲ್ಲಂಕಿ. ಟಿಕೆಟ್ ಇಲ್ಲ, ಗೋಪುರ ಇಲ್ಲ, ಬೋರ್ಡೂ ಇಲ್ಲ. ಕೆರೆ ಪಕ್ಕದ ತೋಟದವರನ್ನು ಒಂದು ಮಾತು ಕೇಳಿ ಒಳಗೆ ಹೋಗಿ.

ಪಟ್ಟೆತಲೆ ಹೆಬ್ಬಾತನ್ನು ಹಿಂಡುಹಿಂಡಾಗಿ ನೋಡಲೇಬೇಕು ಅನ್ನುವವರು ಮಲೆನಾಡು ಬಿಟ್ಟು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗುವುದು ಸರಿ. ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿದ ಜಾಗ ಅದು. ಶಿವಮೊಗ್ಗದಲ್ಲಿ ಅದನ್ನು ಹುಡುಕುತ್ತ ರಜೆ ಕಳೆಯಬೇಡಿ.

ಬೈನಾಕ್ಯುಲರ್, ಇಂಬಳ, ಉಣುಗು

ಬೈನಾಕ್ಯುಲರ್ ಕೊಳ್ಳುವವರು 10x ಜಾಸ್ತಿ ಕಾಣುತ್ತದೆ ಅಂತ ಅದಕ್ಕೇ ಕೈ ಹಾಕುತ್ತಾರೆ. ಮಲೆನಾಡಿನ ಮಳೆಗಾಲಕ್ಕೆ 8x42 ವಾಸಿ. ಮೊದಲ ಸಂಖ್ಯೆ ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಎರಡನೇ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿ. 8x42ಕ್ಕೆ ಸುಮಾರು 5.2 ಮಿಲಿಮೀಟರ್ ಬರುತ್ತದೆ, 10x42ಕ್ಕೆ 4.2. ಕಣ್ಣಿಗೆ ಬೀಳುವ ಬೆಳಕಿನ ವೃತ್ತದ ಅಗಲ ಅದು. ಮೋಡ ಕವಿದ ಸಂಜೆ ಆ ಒಂದು ಮಿಲಿಮೀಟರಿಗೇ ಬೆಲೆ. ಕೈ ನಡುಗಿದರೂ 8x ಚಿತ್ರ ಅಷ್ಟು ಅಲ್ಲಾಡುವುದಿಲ್ಲ. ಗುಡವಿಗೆ ಮಾತ್ರ, ಯಾರ ಹತ್ತಿರವಾದರೂ ಸ್ಪಾಟಿಂಗ್ ಸ್ಕೋಪ್ (ಸ್ಟ್ಯಾಂಡ್ ಮೇಲೆ ಇಟ್ಟು ನೋಡುವ ದೂರದರ್ಶಕ) ಇದ್ದರೆ ಸಂಕೋಚ ಬಿಟ್ಟು ಕೇಳಿ ತನ್ನಿ.

ಮಳೆಗಾಲದಲ್ಲಿ ಹುಲ್ಲಿಗೆ ಕಾಲಿಟ್ಟರೆ ಇಂಬಳ (ಜಿಗಣೆ). ಅದರಿಂದ ರೋಗ ಬರುವುದಿಲ್ಲ, ಹೆದರಬೇಡಿ. ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿ, ಹತ್ತಿದರೆ ಸ್ವಲ್ಪ ಉಪ್ಪು. ಹೆದರಬೇಕಾದ್ದು ಒಣಗಾಲದ ಉಣುಗಿಗೆ (ಉಣ್ಣೆಗೆ), ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತನಕ ಅದರ ಕಾಟ. ಆ ತಿಂಗಳುಗಳಲ್ಲಿ ಸೊರಬ, ಸಾಗರ, ತೀರ್ಥಹಳ್ಳಿ ಕಡೆ ಕಾಡಿನ ದರಗಿನ (ಉದುರಿದ ಒಣ ಎಲೆಯ) ಮೇಲೆ ಕೂರಬೇಡಿ. ತುಂಬು ತೋಳಿನ ಅಂಗಿ ಹಾಕಿ, ಉಣುಗು ಹತ್ತದ ಹಾಗೆ ಹಚ್ಚುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ, ಮನೆಗೆ ಬಂದು ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಈ ಮಾತನ್ನು ಪ್ರವಾಸದ ಕರಪತ್ರದಲ್ಲಿ ಯಾರೂ ಹಾಕುವುದಿಲ್ಲ.

ಹಕ್ಕಿ ಹಾರಲಿ, ಒಳ್ಳೆ ಫೋಟೋ ಸಿಗಲಿ ಅಂತ ಚಪ್ಪಾಳೆ ತಟ್ಟುವವರು ಮಂಡಗದ್ದೆಗೂ ಬರುತ್ತಾರೆ, ಗುಡವಿಗೂ ಬರುತ್ತಾರೆ. ತಾಯಿ ಎದ್ದ ಗೂಡಿಗೆ ಕಾಗೆ ಬಂದು ಮೊಟ್ಟೆ ಒಯ್ಯುವುದಕ್ಕೆ ಅರ್ಧ ನಿಮಿಷ ಸಾಕು. ಅಂಥವರು ಕಂಡರೆ ನಯವಾಗಿ ಹೇಳಿ. ಕೇಳದಿದ್ದರೆ ಅಲ್ಲಿನ ಅರಣ್ಯ ಸಿಬ್ಬಂದಿಗೆ ಹೇಳಿ.

ಎರಡು ದಿನ ಇದ್ದರೆ

"ಒಂದೇ ದಿನದಲ್ಲಿ ಮಂಡಗದ್ದೆ, ಗುಡವಿ ಎರಡೂ ಆಗುತ್ತಾ?" ಅಂತ ಕೇಳುವವರಿದ್ದಾರೆ. ಕಾರಿನ ಲೆಕ್ಕದಲ್ಲಿ ಆಗುತ್ತದೆ, ಹಕ್ಕಿಯ ಲೆಕ್ಕದಲ್ಲಿ ಆಗುವುದಿಲ್ಲ. ಎರಡಕ್ಕೂ ಬೇಕಾದ್ದು ಬೆಳಗ್ಗೆ ಅಥವಾ ಸಂಜೆ. ನಡುಹಗಲಿನಲ್ಲಿ ಯಾವುದನ್ನು ನೋಡಿದರೂ ಅದು ಬಾಕಿ ಉಳಿದ ಹಾಗೆಯೇ.

ಬೆಂಗಳೂರಿನಿಂದ ರಾತ್ರಿ ರೈಲಿಗೆ ಬಂದು ಶನಿವಾರ ಬೆಳಗ್ಗೆ ಇಳಿಯುವವರಿಗೆ, ಸೆಪ್ಟೆಂಬರ್ ಆದರೆ, ನಾನು ಹೇಳುವುದು ಹೀಗೆ. ತಿಂಡಿ ಮುಗಿಸಿ ಸಕ್ರೆಬೈಲಿಗೆ ಹೋಗಿ ಆನೆಗಳ ಸ್ನಾನ ನೋಡಿ, ಅದು ಇರುವುದು ಬೆಳಗಿನ ಹೊತ್ತು ಮಾತ್ರ. ಮಂಡಗದ್ದೆ ಅದೇ ದಾರಿಯಲ್ಲಿ ಮುಂದೆ ಇದೆ, ಆದರೆ ಆಗಲೇ ಹೋಗಬೇಡಿ. ಊಟ ಮಾಡಿ, ಸ್ವಲ್ಪ ಮಲಗಿ, ನಾಲ್ಕೂವರೆಗೆ ಮಂಡಗದ್ದೆಗೆ ಹೋಗಿ ಕತ್ತಲಾಗುವ ತನಕ ಇರಿ. ರಾತ್ರಿಯೇ ಸಾಗರಕ್ಕೋ ಸೊರಬಕ್ಕೋ ಹೋಗಿ ಉಳಿದುಕೊಂಡರೆ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಗುಡವಿಯಲ್ಲಿರಬಹುದು. ಮಳೆಗಾಲದ ರಾತ್ರಿ ಘಟ್ಟದ ಕಡೆ ಗಾಡಿ ಓಡಿಸಿ ರೂಢಿ ಇಲ್ಲದವರು ಈ ಸಾಹಸ ಬಿಟ್ಟು, ಶನಿವಾರ ಸಂಜೆ ಮಂಡಗದ್ದೆ, ಭಾನುವಾರ ಬೆಳಗ್ಗೆ ಮತ್ತೆ ಮಂಡಗದ್ದೆ ಮಾಡಿ. ಸಂಜೆ ಮನೆಗೆ ಬರುವ ಹಕ್ಕಿಯನ್ನು ನೋಡಿರುತ್ತೀರಿ, ಬೆಳಗ್ಗೆ ಕೆಲಸಕ್ಕೆ ಹೊರಡುವುದನ್ನೂ ನೋಡಬಹುದು. ಗುಡವಿಯನ್ನು ದಸರಾ ರಜೆಗೆ ಇಟ್ಟುಕೊಳ್ಳಿ. ಕೆರೆ ತುಂಬಿದ್ದರೆ ಆಗಲೂ ಅಲ್ಲಿ ಹಕ್ಕಿ ಇರುತ್ತದೆ, ಮಳೆಯೂ ಕಡಿಮೆ.